ಪಕ್ಕದ ಮನೆಯಲ್ಲಿ ಇಟ್ಟ ಪರಸ್ಥಾನ

ನೀಲವ್ವನವರು ದೇವರಲ್ಲಿ ಎಂದೂ ಹೆಚ್ಚಿಗೆ ಬೇಡಿದವರಲ್ಲ. ಜಮಖಂಡಿಯಿಂದ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ಗೆ, ಮಗಳು ಉಮಾಶ್ರೀಯ ಮನೆಗೆ ಗಂಡನೊಂದಿಗೆ ಬಂದಿಳಿದ ದಿನವೂ ಅಡುಗೆಮನೆಯ ಮೂಲೆಯಲ್ಲಿ ಬನಶಂಕರಿಯ ಫೋಟೊ ಇಟ್ಟು ಬೇಡಿದ್ದು ಒಂದೇ: "ತಾಯಿ, ತಿರುಗಿ ಊರಿಗೆ ಹೋಗೂತನಕ ಇವರು ಸುಮ್ಮನ ಕೂಡುವಂಗ ಮಾಡು." ತಾಯಿ ಎರಡು ವಾರದ ಮಟ್ಟಿಗೆ ನಡೆಸಿಕೊಟ್ಟಳು. ಮೂರನೆಯ ವಾರ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿಯಿತು.

ಒಳಗೊಂದು ಮೋಟರ್‌ಸೈಕಲ್ಲು ನಿಂತಿತ್ತು. ಎಮ್ಮೆಗೆ ಚಕ್ರ ಹಚ್ಚಿ, ಕರಿ ಬಣ್ಣ ಬಳಿದು (ಎಮ್ಮೆಗೆ ಅದರ ಅಗತ್ಯವಿಲ್ಲ, ಆದರೂ), ಎರಡೂ ಮಗ್ಗುಲಿಗೆ ಟ್ರಂಕು ತೂಗುಹಾಕಿ, ಹಿಂದೆ ಒರಗಲು ಸಣ್ಣದೊಂದು ಸೋಫಾ ಕೂರಿಸಿದರೆ ಹೇಗೋ ಹಾಗೆ. ಅದರ ಒಡತಿ ಮೈಸೂರಿನ ಇಂದು, ವಾಲ್ನಟ್ ಕ್ರೀಕಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಶುಕ್ರವಾರ ಸಂಜೆ ರೇಷ್ಮೆ ಸೀರೆಯುಟ್ಟು ಅರಿಸಿನ-ಕುಂಕುಮಕ್ಕೆ ಕರೆದ ಹೆಣ್ಣುಮಗಳು ಶನಿವಾರ ಬೆಳಿಗ್ಗೆ ಚರ್ಮದ ಕೋಟು ತೊಟ್ಟು ಗುಡುಗುತ್ತ ಹೋದದ್ದನ್ನು ಕಂಡು ನೀಲವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವಳು ತಿರುಗಿ ಬಂದಾಗ ಗಂಡ ಅಪ್ಪಾಸಾಹೇಬರು ಹಿಡಿದುಕೊಂಡದ್ದು ಗಾಡಿಯ ಹ್ಯಾಂಡಲ್ಲು. ಹಿಡಿದವರು ಬಿಡಲಿಲ್ಲ.

ಇಂದು ಮತ್ತು ಅವಳ ಬೈಕಿನ ಗೆಳತಿಯರು ಆ ಬೇಸಿಗೆಯಲ್ಲಿ ಅಮೆರಿಕವನ್ನು ಈ ಕಡಲಿನಿಂದ ಆ ಕಡಲಿನವರೆಗೆ ದಾಟುವವರಿದ್ದರು. "ನೀವೂ ಒಂದು ಬೈಕ್ ರೆಂಟ್ ಮಾಡ್ಕೊಂಡು ಬನ್ನಿ ಸಾರ್" ಎಂದಳು ಸೌಜನ್ಯಕ್ಕೆ. ಸೌಜನ್ಯದ ಮಾತನ್ನು ಸೌಜನ್ಯವೆಂದು ತಿಳಿಯುವ ಗುಣ ಅಪ್ಪಾಸಾಹೇಬರ ವಂಶದಲ್ಲೇ ಇಲ್ಲ.

ರಾತ್ರಿ ಊಟದ ಮೇಜಿನ ಮೇಲೆ ಅಮೆರಿಕದ ನಕಾಶೆ ಹರಡಿತು. ಸಾರಿನ ಪಾತ್ರೆಯನ್ನು ನೆಬ್ರಾಸ್ಕಾದ ಮೇಲೆ ಇಡಬೇಕಾಯಿತು.

"ನೀಲಾ, ನೀರಾವರಿ ಇಲಾಖೆದಾಗ ಇದ್ದಾಗ ಕಾಲುವಿ ದಂಡಿ ಮ್ಯಾಲೆ ಬುಲೆಟ್ ಓಡಿಸಿದಾವ ನಾನು. ಇಲ್ಲಿ ರಸ್ತೆ ನೋಡಿಯಿಲ್ಲೋ, ಹಿಟ್ಟು ನಾದೂ ಕೊಣಮಿಗಿಯಂಗ ಸಾಪಾಗಿ ಅದಾವ."

"ದಂಡಿ ಮ್ಯಾಲೆ ಓಡಿಸಿದ್ರಿ, ಕಾಲುವ್ಯಾಗೂ ಬಿದ್ರಿ. ಅಲ್ಲಿ ಎತ್ತಾಕ ಮಂದಿ ಬಂದ್ರು. ಆ ನೆವಾಡಾದ ಮರಳಿನ್ಯಾಗ ಬಿದ್ರ ಯಾರು ಬರ್ತಾರ?"

"ಅವತ್ತ ಎಮ್ಮಿ ಅಡ್ಡ ಬಂದಿತ್ತು."

"ಎಮ್ಮಿ ತನ್ನ ಪಾಡಿಗೆ ತಾ ನಿಂತಿತ್ತರಿ. ನೀವ ಅದಕ್ಕ ಅಡ್ಡ ಹೋದ್ರಿ."

"ಅಪ್ಪಾ, ಬಿಪಿ ಗುಳಿಗಿ ತೊಗೊಳ್ಳಾಕ ನಿಮಗ ನೆನಪಿರಂಗಿಲ್ಲ, ಕ್ರಾಸ್ ಕಂಟ್ರಿ ಅಂತ!" ಎಂದಳು ಉಮಾಶ್ರೀ.

"ಅದಕ್ಕ ನಿಮ್ಮವ್ವನ್ನ ಹಿಂದ ಕೂಡಿಸಿಕೊಂಡು ಹೋಗ್ತೀನಿ."

ನೀಲವ್ವನವರ ಕೈಯಲ್ಲಿದ್ದ ಸೌಟು ನೆಬ್ರಾಸ್ಕಾದಲ್ಲಿ ಬಿದ್ದು ಅಲ್ಲಿ ಸಣ್ಣ ಕೆರೆಯಾಯಿತು. ಅಳಿಯನಾದರೂ ತಡೆಯುತ್ತಾನೆಂದು ಅತ್ತ ನೋಡಿದರು. ಆದರೆ ನವೀನ ಜನ್ಮದಲ್ಲಿ ಯಾರಿಗೂ ಇಲ್ಲವೆಂದವನಲ್ಲ. "ಇಂಟರೆಸ್ಟಿಂಗ್ ಐಡಿಯಾ ಮಾವಾ" ಎಂದು ರೊಟ್ಟಿ ಮುರಿದ. ಮೊಮ್ಮಗಳು ನಿಹಾರಿಕಾ ಕುರ್ಚಿಯ ಮೇಲೆ ನಿಂತು, "ಅಜ್ಜಾ, ದಟ್ಸ್ ಸೋ ಕೂಲ್!" ಎಂದಳು.

ಇನ್ನು ಉಳಿದದ್ದು ಪಂಚಾಂಗ ಒಂದೇ.

ನೀಲವ್ವ ಜಗಳವಾಡುವ ಹೆಂಗಸಲ್ಲ. "ಹೋಗ್ರಿ, ಆದ್ರ ದಿನಾ ನೋಡಿ ಹೋಗ್ರಿ" ಎಂದು ಪಂಚಾಂಗ ಬಿಡಿಸಿದರು. ಸೋಮವಾರ, ಶನಿವಾರ ಪೂರ್ವಕ್ಕೆ ಶೂಲ. ಆ ದಿಕ್ಕಿಗೆ ಹೆಜ್ಜೆ ಇಡುವಂತಿಲ್ಲ. ಮಂಗಳವಾರ ಹೊಸ ಕೆಲಸ ಶುರು ಮಾಡಬಾರದು. ಬುಧವಾರ ಅಮಾವಾಸ್ಯೆಯ ನೆರಳು. ಶುಕ್ರವಾರ ಲಕ್ಷ್ಮಿ ಮನೆಬಿಟ್ಟು ಹೋದಂತೆ. ಭಾನುವಾರದ ನಕ್ಷತ್ರ ಅಪ್ಪಾಸಾಹೇಬರಿಗೆ ಆಗುವುದಿಲ್ಲ.

"ಹಂಗಾದ್ರ ಈ ದೇಶದ ಮಂದಿ ಪೂರ್ವಕ್ಕ ಹೋಗೂದ ಇಲ್ಲೇನ?"

"ಹೋಗ್ತಾರರಿ. ಅದಕ್ಕ ದಿನಾ ಫ್ರೀವೇ ಮ್ಯಾಲೆ ಸಿಕ್ಕೊಂಡು ನಿಂತಿರ್ತಾರ."

ಅಪ್ಪಾಸಾಹೇಬರು ಮರುದಿನ ಹೋಗಿ ಹೆಲ್ಮೆಟ್ಟು ತಂದರು. ಅಭ್ಯಾಸವಾಗಲೆಂದು ಅದನ್ನು ಹಾಕಿಕೊಂಡೇ ಟಿವಿ ನೋಡತೊಡಗಿದರು. ಚಹಾ ಕೊಡಲು ಹೋದರೆ ಬಾಯಿ ಎಲ್ಲಿದೆಯೆಂದು ಹುಡುಕಬೇಕು. ಇಂದುವಿನ ಹತ್ತಿರ ಬೈಕು ಕಲಿಯುತ್ತೇನೆಂದೂ ಹೇಳಿದರು. ಹೆಲ್ಮೆಟ್ಟು ಮನೆಯಲ್ಲಿರುವತನಕ ಈ ಹುಚ್ಚು ಇಳಿಯದು ಎಂದು ನೀಲವ್ವನವರಿಗೆ ಖಾತ್ರಿಯಾಯಿತು. ಆಗ ಹೊಳೆದದ್ದು ಪರಸ್ಥಾನ.

ಪರಸ್ಥಾನವೆಂದರೆ, ಒಳ್ಳೆಯ ಮುಹೂರ್ತ ಇವತ್ತಿದೆ, ಆದರೆ ಇವತ್ತು ಹೊರಡಲು ಆಗುವುದಿಲ್ಲ ಎಂದಾಗ ಪ್ರಯಾಣದ ಸಾಮಾನಿನಲ್ಲಿ ಒಂದನ್ನು ಆ ಹೊತ್ತಿಗೆ, ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಹೊರಡುವ ದಿನ ಬಂದಾಗ ಅದನ್ನು ಎತ್ತಿಕೊಂಡು ಅಲ್ಲಿಂದಲೇ ಮುಂದೆ ನಡೆಯಬೇಕು. ಅಲ್ಲಿಯವರೆಗೆ ಮುಟ್ಟುವಂತಿಲ್ಲ.

ಆ ಕೊನೆಯ ಮಾತೇ ನೀಲವ್ವನವರಿಗೆ ಬೇಕಾಗಿದ್ದದ್ದು. ಹೆಲ್ಮೆಟ್ಟು ಇಂದುವಿನ ಮನೆ ಸೇರಿತೆಂದರೆ (ಆ ಮನೆ ಪುಣ್ಯಕ್ಕೆ ಪೂರ್ವಕ್ಕೇ ಇತ್ತು) ಕಲಿಯುವುದು ನಿಂತೀತು. ಹೊರಡುವ ದಿನವನ್ನು ಪಂಚಾಂಗದ ಬಲದಿಂದ ಮುಂದೆ ಮುಂದೆ ನೂಕಿದರೆ ಊರಿಗೆ ಹೋಗುವ ವಿಮಾನವೇ ಬಂದೀತು. ದೇವರ ಹೆಸರಿನಲ್ಲಿ ಉಪಾಯ ಹೂಡಿದ್ದು ಅವರ ಜೀವನದಲ್ಲಿ ಇದೇ ಮೊದಲು. ಮೊದಲೇ ಬನಶಂಕರಿಗೆ ತುಪ್ಪದ ದೀಪ ಹಚ್ಚಿ ಕ್ಷಮೆ ಕೇಳಿಕೊಂಡರು.

ಪಂಚಾಂಗದಲ್ಲಿ ದೋಷವಿಲ್ಲದೆ ಉಳಿದಿದ್ದ ಗುರುವಾರ ಬೆಳಿಗ್ಗೆ, ಇಂದು ತನ್ನ ಮನೆಯ ಒಂದು ಕೋಣೆಯಲ್ಲಿ ರಂಗೋಲಿ ಹಾಕಿ ಮಣೆ ಇಟ್ಟಳು. ಅಪ್ಪಾಸಾಹೇಬರು ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತರು.

"ಮೊದಲ ನಿಂದು ಇಡು. ನೀ ಬರಾಕಿ ಇಲ್ಲಂದ್ರ ಇದೆಲ್ಲಾ ಆಟ ಅಂತ ತಿಳೀತೀನಿ."

ನೀಲವ್ವ ಮನೆಗೆ ಹೋಗಿ ತಮ್ಮ ಇಳಕಲ್ ಸೀರೆ ತಂದು ಮಣೆಯ ಮೇಲಿಟ್ಟರು.

"ಹಂಗ ಸುಮ್ಮನ ಇಟ್ರ ಆಗೂದಿಲ್ಲ. ಸಂಕಲ್ಪ ಬೇಕು. ನಾ ಹೇಳ್ತೀನಿ, ನೀ ಅನ್ನು. ದ್ವಿಚಕ್ರ ವಾಹನಾರೂಢಳಾಗಿ..."

"ಅದೇನರಿ?"

"ಅನ್ನು. ಪಶ್ಚಿಮ ಸಮುದ್ರ ತೀರದಿಂದ ಪೂರ್ವ ಸಮುದ್ರ ಪರ್ಯಂತ, ಹಿಂದಿನ ಸೀಟಿನಲ್ಲಿ ಆಸೀನಳಾಗಿ..."

ಹೆಲ್ಮೆಟ್ಟು ಇನ್ನೂ ಕಂಕುಳಲ್ಲೇ ಇತ್ತು. ನೀಲವ್ವ ಕಣ್ಣು ಮುಚ್ಚಿ, ಕೈಮುಗಿದು, ಒಂದು ಅಕ್ಷರ ಬಿಡದೆ ಅಂದರು. ಹೆಲ್ಮೆಟ್ಟು ಮಣೆ ಏರಿತು.

ಆಮೇಲಿನ ದಿನಗಳು ಎಷ್ಟು ಶಾಂತವಾಗಿದ್ದವೆಂದರೆ ನೀಲವ್ವನವರಿಗೆ ತಮ್ಮ ಜಾಣತನದ ಮೇಲೆ ತಮಗೇ ದೃಷ್ಟಿಯಾದೀತೆನಿಸಿತು. ಅಪ್ಪಾಸಾಹೇಬರು ಬೈಕಿನ ಮಾತೇ ಕಡಿಮೆ ಮಾಡಿದರು. ಶನಿವಾರ ನವೀನನನ್ನು ಕರೆದುಕೊಂಡು ಬೈಕು ಬಾಡಿಗೆಗೆ ಕೊಡುವ ಅಂಗಡಿಗೆ ಹೋದವರು ಬೇಗನೆ ತಿರುಗಿ ಬಂದರು.

"ಏನಾಯ್ತರಿ?"

"ಆಗಂಗಿಲ್ಲಂತ."

ನವೀನ ಬಿಡಿಸಿ ಹೇಳಿದ. ಹೊರದೇಶದಿಂದ ಬಂದವರು ಊರಿನಿಂದ ಅಂತರರಾಷ್ಟ್ರೀಯ ಪರ್ಮಿಟ್ಟು ತರಬೇಕು. ಅದರಲ್ಲಿ ಮೋಟರ್‌ಸೈಕಲ್ಲಿಗೆ ಬೇರೆಯೇ ಮುದ್ರೆ ಇರಬೇಕು. ಮಾವನ ಪರ್ಮಿಟ್ಟಿನಲ್ಲಿ ಇದ್ದದ್ದು ಕಾರಿನ ಮುದ್ರೆ ಮಾತ್ರ. ಅರ್ಜಿ ಬರೆಯುವಾಗ ಕಾರಿನ ಮುಂದಷ್ಟೇ ಗುರುತು ಹಾಕಿದವರು ಸಾಕ್ಷಾತ್ ಮಾವನೇ. ಈಗ ಬೇರೆ ಬೇಕೆಂದರೆ ಊರಿಗೆ ಹೋಗಬೇಕು.

ಅಮೆರಿಕ ಮಡಚಿಕೊಂಡು ಫ್ರಿಜ್ಜಿನ ಮೇಲೆ ಹೋಯಿತು. ನೀಲವ್ವ ಆ ಸಂಜೆ ಗೋಧಿ-ಬೆಲ್ಲದ ಮಾದಲಿ ಮಾಡಿ ದೇವಿಗೆ ನೈವೇದ್ಯ ಹಿಡಿದರು. ಗಂಡನಿಗೆ ಎರಡು ಸಲ ಬಡಿಸಿದರು. ಸೋತವರ ಮೇಲೆ ಅವರಿಗೆ ಯಾವತ್ತೂ ಕರುಣೆ ಹೆಚ್ಚು.

ಮರುದಿನ ಸೀರೆ ತರಲು ಇಂದುವಿನ ಮನೆಗೆ ಹೋದರು. ಮಣೆಯ ಮೇಲೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಇಟ್ಟ ಪರಸ್ಥಾನ ಪ್ರಯಾಣ ಮುಗಿಯದೆ ತಿರುಗಿ ಸ್ವಂತ ಮನೆಯ ಹೊಸ್ತಿಲು ದಾಟಬಾರದು. ಗಂಡನನ್ನು ಕಟ್ಟಿಹಾಕುವ ಉತ್ಸಾಹದಲ್ಲಿ ಇದು ಅವರಿಗೆ ನೆನಪೇ ಆಗಿರಲಿಲ್ಲ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಮಣೆಯ ಮೇಲೆ ಸೀರೆ ಒಂದೇ ಇತ್ತು.

"ಡಾಕ್ಟರಬಾಯಿ, ಹೆಲ್ಮೆಟ್ ಎಲ್ಲೈತ್ರಿ?"

ಇಂದು ನಾಲಿಗೆ ಕಚ್ಚಿಕೊಂಡಳು. "ಸಾರ್ ಅವತ್ತು ಸಂಜೆನೇ ತಗೊಂಡ್ರು ನೀಲಕ್ಕ. ನಿಮಗೆ ಹೇಳ್ಬೇಡಿ ಅಂದಿದ್ರು. ನನ್ನ ಬೈಕ್ ಮೇಲೆ ಸುಮ್ನೆ ಒಂದು ಸಲ ಕೂತು ನೋಡ್ತೀನಿ ಅಂದ್ರು. ಕೂತ್ರು. ಅದು ವಾಲ್ತು. ಅವರೂ ವಾಲಿದ್ರು. ನಾನು, ನನ್ನ ಗಂಡ ರಘೋತ್ತಮ, ಪೋಸ್ಟ್ ಕೊಡೋಕೆ ಬಂದವರು ಎಲ್ರೂ ಸೇರಿ ಎತ್ತಿದ್ವಿ."

"ಅವರನ್ನೋ, ಗಾಡೀನೋ?"

"ಮೊದಲು ಗಾಡಿ. ಅವರು ಕೆಳಗಿದ್ರಲ್ಲ."

ನೀಲವ್ವ ಮನೆಗೆ ಬಂದಾಗ ಅಪ್ಪಾಸಾಹೇಬರು ಸೋಫಾದ ಮೇಲೆ ನಿರಪರಾಧಿಯಂತೆ ಕಡಲೆಕಾಯಿ ಸುಲಿಯುತ್ತಿದ್ದರು.

"ಹೆಲ್ಮೆಟ್ ಎಲ್ಲಿಟ್ಟೀರಿ?"

"ಯಾವ ಹೆಲ್ಮೆಟ್?"

ನೀಲವ್ವ ಸುಮ್ಮನೆ ನೋಡಿದರು. ಮದುವೆಯಾದಂದಿನಿಂದ ಆ ನೋಟವನ್ನು ಅಪ್ಪಾಸಾಹೇಬರು ಒಮ್ಮೆಯೂ ತಾಳಿದ್ದಿಲ್ಲ.

"ಗ್ಯಾರೇಜಿನ್ಯಾಗ. ಅಕ್ಕಿ ಚೀಲದ ಹಿಂದ."

"ಅಂದ್ರ ಪರಸ್ಥಾನ ಮುರಿದು ಮನ್ಯಾಗ ತಂದಿಟ್ಟೀರಿ! ಅದಕ್ಕ ಮತ್ತ! ಡಿಶ್‌ವಾಷರ್ ಸೋರಾಕ ಹತ್ತೇತಿ, ನವೀನರ ಕಾರಿಗೆ ಯಾರೋ ಗೀರಿ ಹೋದ್ರು, ಕೂಸು ಸಾಕರ್ ಆಡಾಕ ಹೋಗಿ ಮೊಣಕಾಲ ಕೆತ್ತಿಕೊಂಡು ಬಂತು."

"ಅವ್ವಾ, ಡಿಶ್‌ವಾಷರ್ ನೀ ಬರೂಕಿಂತ ಮೊದಲಿಂದ ಲೀಕ್ ಆಗ್ತೈತಿ" ಎಂದಳು ಉಮಾಶ್ರೀ.

"ಆಗ ಹನಿಹನಿ ಬೀಳ್ತಿತ್ತು. ಈಗ ಹರಿಯಾಕ ಹತ್ತೇತಿ." ನೀಲವ್ವ ಕುರ್ಚಿಯಲ್ಲಿ ಕುಸಿದರು. "ಒಂದು ತಿರುಗಿ ಬಂದಿದ್ದಕ್ಕ ಇಷ್ಟ ಆಗೇತಿ. ನನ್ನ ಸೀರೀನೂ ತಿರುಗಿ ಬಂದ್ರ ಈ ಮನಿ ಗತಿ ಏನು? ದೇವಿ ಮುಂದ ಬಾಯಿಲೆ ಅಂದೇನಿ. ನಾ ಹೋಗಲಿಕ್ಕೇ ಬೇಕು."

ಈ ಮಾತು ಹೊರಬಿದ್ದ ಮೇಲೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ನೀಲವ್ವನವರಿಗೇ.

"ಅತ್ತೀ, ಬಾಸ್ಟನ್‌ಗೆ ಫ್ಲೈಟ್ ಬುಕ್ ಮಾಡ್ತೀನಿ. ಅದೂ ಈಸ್ಟೇ ಅಲ್ಲಾ?" ಎಂದ ನವೀನ.

"ದ್ವಿಚಕ್ರ ಅಂದೇನಿ ಅಲ್ಲಪಾ."

"ಅಜ್ಜಿ, ಯು ಕ್ಯಾನ್ ಟೇಕ್ ಮೈ ಬೈಸಿಕಲ್!" ಎಂದಳು ನಿಹಾರಿಕಾ, ದೊಡ್ಡ ಮನಸ್ಸಿನಿಂದ.

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಇಂದು ಮೆಲ್ಲಗೆ ಕೆಮ್ಮಿದಳು. "ನನ್ನ ಹಿಂದಿನ ಸೀಟು ಖಾಲಿ ಇದೆ ನೀಲಕ್ಕ. ಹಿಂದೆ ಕೂರೋರಿಗೆ ಯಾವ ಪರ್ಮಿಟ್ಟೂ ಬೇಡ."

ಯಾರಾದರೂ ಬೇಡವೆನ್ನಲಿ ಎಂದು ನೀಲವ್ವ ಒಬ್ಬೊಬ್ಬರ ಮುಖ ನೋಡಿದರು. ಮಗಳು ಆಗಲೇ ಇಂದುವಿನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಿದ್ದಳು. ನವೀನನಂತೂ ಹುಟ್ಟಿದಾಗಿನಿಂದ ಬೇಡವೆನ್ನಲು ಕಲಿತಿಲ್ಲ. ಕೊನೆಗೆ ಗಂಡನನ್ನು ನೋಡಿದರು. ಹೆಂಡತಿ ಒಬ್ಬಳನ್ನೇ ಬಾಗಲಕೋಟೆಯ ಬಸ್ಸು ಹತ್ತಿಸಲೂ ಹಿಂದೆಮುಂದೆ ನೋಡುತ್ತಿದ್ದ ಮನುಷ್ಯ.

"ಹೋಗಿ ಬಾ" ಎಂದರು ಅಪ್ಪಾಸಾಹೇಬರು, ತನ್ನ ಪಾಲಿನ ಹೊಲವನ್ನು ಅಣ್ಣನಿಗೆ ಬರೆದುಕೊಡುವವನ ದನಿಯಲ್ಲಿ. "ಇಂಥಾ ಪುಣ್ಯೇವು ಯಾರಿಗೆ ಬರ್ತೈತಿ."

ಅಂದಿನಿಂದ ತರಬೇತಿ ಶುರುವಾಯಿತು. ಅಪ್ಪಾಸಾಹೇಬರು ಊಟದ ಕುರ್ಚಿಯನ್ನು ಹಾಲಿನ ನಡುವೆ ತಿರುಗಿಸಿಟ್ಟು ಹೆಂಡತಿಯನ್ನು ಕೂರಿಸಿದರು.

"ಗಾಡಿ ಎಡಕ್ಕ ವಾಲಿದ್ರ ನೀನೂ ಎಡಕ್ಕ ವಾಲಬೇಕು. ಎದುರು ವಾಲಬಾರದು."

"ನಿಮ್ಮನ್ನ ಎದುರು ಹಾಕಿಕೊಂಡು ನನಗ ಎಲ್ಲಿ ರೂಢಿ ಐತ್ರಿ?"

"ಬಾಯಿ ಬ್ಯಾಡ. ವಾಲು."

ನೀಲವ್ವ ಕುರ್ಚಿಯ ಮೇಲೆ ಎಡಕ್ಕೂ ಬಲಕ್ಕೂ ವಾಲಿದರು. ಅವರ ನಂಬಿಕೆಯಲ್ಲಿ ಬಿರುಕಿರಲಿಲ್ಲ. ಧೈರ್ಯದಲ್ಲಿ ಮಾತ್ರ ಇದ್ದದ್ದೆಲ್ಲ ಬಿರುಕೇ. ದೇವರ ಮುಂದೆ ದಿನವೂ ನಿಂತರು. "ನಾ ಮಾತು ಮುರಿಯಂಗಿಲ್ಲ ತಾಯಿ. ನೀನ ಏನರ ಮಾಡು. ಮಳಿ ತರಸು. ಡಾಕ್ಟರಬಾಯಿಗೆ ರಜೆ ಸಿಗದಂಗ ಮಾಡು." ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಮಳೆ ತರಿಸುವುದು ದೇವಿಗೂ ಕಷ್ಟವೇ ಇದ್ದೀತು. ಇಂದುವಿಗಂತೂ ರಜೆ ಮೊದಲೇ ಸಿಕ್ಕಿತ್ತು.

ಹೊರಡುವ ದಿನ ಬೆಳಿಗ್ಗೆ ಇಂದುವಿನ ಮನೆಯ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಕನ್ನಡದ ಹೆಂಗಸರು ಕೆಲವರು, ಅಮೆರಿಕದವರು ಕೆಲವರು. ನೀಲವ್ವ ಜೀವನದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟು, ಅದರ ಮೇಲೆ ಕೋಟು ಹಾಕಿ, ಮಣೆಯ ಮೇಲಿನ ಸೀರೆಯನ್ನು ಕಣ್ಣಿಗೊತ್ತಿಕೊಂಡು ಗಾಡಿಯ ಟ್ರಂಕಿನೊಳಗೆ ಚಟ್ನಿಪುಡಿಯ ಪಕ್ಕದಲ್ಲಿಟ್ಟರು. ಇಂದು ಕೊಟ್ಟ ಹೆಲ್ಮೆಟ್ಟಿನೊಳಗೆ ಸಣ್ಣ ಮೈಕು ಇತ್ತು; ಒಬ್ಬರು ಆಡಿದ್ದು ಇಡೀ ಗುಂಪಿಗೆ ಕೇಳುತ್ತಿತ್ತು.

ಅಪ್ಪಾಸಾಹೇಬರ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡು ನೀಲವ್ವನವರಿಗೆ ಇವರು ಈಗಲಾದರೂ ತಡೆದಾರೆಂಬ ಆಸೆ ಮಿಂಚಿತು.

"ಅಳಬ್ಯಾಡ್ರಿ. ಬ್ಯಾಡ ಅಂತ ಒಂದ ಮಾತ ಅನ್ರಿ, ಇಳೀತೀನಿ."

"ಅದಕ್ಕಲ್ಲ ನೀಲಾ" ಎಂದು ಅವರು ಗಾಡಿಯ ಟ್ಯಾಂಕನ್ನು ಸವರಿದರು. "ಎಂಥಾ ಚಂದ ಐತಿ ನೋಡು ಇದು."

ಗಾಡಿ ಹೊರಟಿತು. ನಿಹಾರಿಕಾ ಫೋನು ಹಿಡಿದುಕೊಂಡು ಬೀದಿಯ ತುದಿಯವರೆಗೂ ಓಡಿ ಬಂದಳು. ಆಮೇಲೆ ಫ್ರೀವೇ. ಎರಡೂ ಬದಿಗೆ ಮನೆಯಷ್ಟೆತ್ತರದ ಟ್ರಕ್ಕುಗಳು. ನೀಲವ್ವ ಇಂದುವಿನ ಸೊಂಟವನ್ನು, ಬಾವಿಗೆ ಬಿದ್ದವರು ಹಗ್ಗ ಹಿಡಿದಂತೆ ಹಿಡಿದು ಕಣ್ಣು ಮುಚ್ಚಿದರು.

"ನೀಲಕ್ಕ, ಭಯ ಆಗ್ತಿದ್ಯಾ? ನಿಧಾನ ಮಾಡ್ಲಾ?" ಎಂದಿತು ಕಿವಿಯಲ್ಲಿ ಇಂದುವಿನ ದನಿ.

ನೀಲವ್ವ ಯೋಚಿಸಿದರು. ನಿಧಾನವೆಂದರೆ ಈ ಟ್ರಕ್ಕುಗಳ ನಡುವೆ ಇನ್ನಷ್ಟು ಹೊತ್ತು. ಆ ಸಮುದ್ರ ಎಷ್ಟು ಬೇಗ ಬಂದರೆ ಅಷ್ಟು ಬೇಗ ಇಳಿಯಬಹುದು.

"ನಿಧಾನ ಬ್ಯಾಡವಾ, ಜೋರ ಬಿಡು. ಇನ್ನಾ ಜೋರ ಬಿಡು!"

"ಕೇಳಿದ್ರಾ ಎಲ್ರೂ? ನೀಲಕ್ಕ ಸ್ಪೀಡ್ ಕೇಳ್ತಿದ್ದಾರೆ!"

ಮೈಕಿನಲ್ಲಿ ಕೇಕೆ ಎದ್ದಿತು. ಗಾಡಿ ಎಗರಿತು. "ಯವ್ವಾ, ಬನಶಂಕರೀ!" ಎಂದು ನೀಲವ್ವ ಪ್ರಾಣ ಹೋದವರಂತೆ ಚೀರಿದರು.

ಮರುಕ್ಷಣ ಕನ್ನಡದ ಹೆಂಗಸರೂ ಅಮೆರಿಕದ ಹೆಂಗಸರೂ ಒಂದೇ ಕಂಠದಲ್ಲಿ, ದಂಡೆತ್ತಿ ಹೊರಟವರ ಘೋಷದಂತೆ, "ಬನಶಂಕರೀ!" ಎಂದು ಕೂಗಿ, ಎಲ್ಲರೂ ಒಟ್ಟಿಗೇ ವೇಗ ಹೆಚ್ಚಿಸಿದರು.