ನಾನು ಅಂತಾರಾಷ್ಟ್ರೀಯ ಲೇಖಕನಾದದ್ದು

ಕರೆದವರಿಗೆ ಉತ್ತರ ಕೊಡದೆ ಇರಬಾರದು ಎಂಬುದು ನಮ್ಮ ಬಾಗಲಕೋಟೆ ಕಡೆಯ ಪದ್ಧತಿ. ಪುಣೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿ ನಿವೃತ್ತನಾದರೂ ನಾನು ಅದನ್ನು ಬಿಟ್ಟವನಲ್ಲ. ಹಾಗಾಗಿ ತೀರಿಹೋದ ನನ್ನ ಹೆಂಡತಿಗೆ ಆಮಂತ್ರಣ ಬಂದಾಗ, ಉತ್ತರಿಸುವುದು ನನ್ನ ಕರ್ತವ್ಯವೆಂದು ಕುಳಿತೆ.

ಸರೋಜಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಜೇಡಗಳ ಮೇಲೆ ಪಿಎಚ್‌ಡಿ. ಅವಳು ಹೋದ ಮೊದಮೊದಲು ಫೋನುಗಳು ಬಂದವು. ಆಮೇಲೆ ಅವಳ ಹೆಸರೆತ್ತುವವರೇ ಇಲ್ಲವಾದರು. ಅಂಥದರಲ್ಲಿ ಅವಳ ಇಮೇಲಿಗೆ ಯಾವುದೋ ಅಂತಾರಾಷ್ಟ್ರೀಯ ಪತ್ರಿಕೆಯ ಸಂಪಾದಕರು ಬರೆದಿದ್ದರು: "ಪರಮ ಗೌರವಾನ್ವಿತ ಡಾಕ್ಟರರೇ, ತಮ್ಮ ಪ್ರಬಂಧಕ್ಕಾಗಿ ಜಗತ್ತು ಕಾದಿದೆ."

ಜಗತ್ತು! ನನ್ನ ಕಣ್ಣು ತುಂಬಿತು.

ಗುಮಾಸ್ತನ ಇಂಗ್ಲಿಷಿನಲ್ಲಿ ಸವಿನಯವಾಗಿ ಉತ್ತರಿಸಿದೆ: ಆಕೆ ಆಷಾಢದಲ್ಲಿ ತೀರಿಕೊಂಡಳು. ವರ್ಷದ ತಿಥಿ ಮುಗಿಯುವವರೆಗೆ ನಮ್ಮ ಮನೆಯವರು ಯಾವ ಶುಭಕಾರ್ಯದಲ್ಲೂ ಪಾಲ್ಗೊಳ್ಳುವಂತಿಲ್ಲ. ಕ್ಷಮಿಸಬೇಕು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ನಾನು ಮೂಲೆಯ ಜೇಡರ ಬಲೆ ಗುಡಿಸಲು ಹೋದರೆ "ಬಾಣಂತಿ ಅದಾಳ್ರಿ, ಕೈ ಹಚ್ಚಬ್ಯಾಡ್ರಿ" ಎಂದು ಅವಳು ಪೊರಕೆ ಕಸಿಯುತ್ತಿದ್ದುದನ್ನು, ಆಸ್ಪತ್ರೆಯ ಕಿಟಕಿಯಲ್ಲಿ ಜೇಡವೊಂದನ್ನು ಕಂಡು ಅವಳು ಕೊನೆಯ ಸಲ ನಕ್ಕಿದ್ದನ್ನು, ಯಾರಿಗೂ ಹೇಳದ್ದನ್ನೆಲ್ಲ ಬರೆದು ಕಳಿಸಿದೆ.

ಮರುದಿನವೇ ಉತ್ತರ ಬಂತು: "ತಮ್ಮ ಅಮೂಲ್ಯ ಪ್ರಬಂಧವನ್ನು ಮೂವರು ತಜ್ಞರು ಕೂಲಂಕಷವಾಗಿ ಪರಿಶೀಲಿಸಿ ಒಪ್ಪಿದ್ದಾರೆ. ಅಭಿನಂದನೆಗಳು!"

ನಮ್ಮ ಮನೆಯ ಕೆಳಗಿನ ಶೆಟ್ಟರ ಹೋಟೆಲಿಗೆ ಓಡಿ, ಕೂತವರಿಗೆಲ್ಲ ಮೈಸೂರುಪಾಕು ಹಂಚಿಸಿದೆ.

"ವರ್ಷ ಆಗ್ಲಿಲ್ಲಲ್ಲ ಮಾರಾಯ್ರೆ, ಸಿಹಿ ಹಂಚ್ಲಿಕ್ಕೆ ಉಂಟಾ?" ಎಂದರು ಶೆಟ್ಟರು.

"ಶಾಸ್ತ್ರ ಮನ್ಯಾಗ ಇರ್ಲಿ ಬಿಡ್ರಿ. ಇದು ಅಂತಾರಾಷ್ಟ್ರೀಯ!" ಎಂದೆ.

ಭಾನುವಾರ ಮಗಳು ವಿದ್ಯಾ ಬಂದಳು. ಅವಳೂ ಕಾಲೇಜಿನಲ್ಲಿ ಕಲಿಸುವವಳು. ಫೋನಿನಲ್ಲಿ ಆ ಉತ್ತರ ನೋಡಿ ತಲೆ ಹಿಡಿದುಕೊಂಡಳು.

"ಅಪ್ಪಾ, ಇವ್ರು ಫೀಸ್ ತಗೊಂಡು ಏನ್ ಕೊಟ್ರೂ ಛಾಪಿಸೋ ಮಂದಿ. ಅವ್ವಗ ಇಂಥ ಮೇಲ್ ದಿನಾ ಬರ್ತಿದ್ವು. ನೋಡ್ದನ ಅಳಿಸ್ತಿದ್ಲು."

"ಆದ್ರ ಮೂವರು ತಜ್ಞರು ಓದ್ಯಾರಲ್ಲ?"

"ಯಾರೂ ಓದಿಲ್ಲಪಾ."

ಸರೋಜಾಳ ಬಗ್ಗೆ ಎಲ್ಲೋ ಮೂರು ಜನರಾದರೂ ಓದಿದ್ದಾರೆ ಎಂಬ ಸಮಾಧಾನದಲ್ಲಿ ನಾನು ಆ ವಾರವೆಲ್ಲ ಚೆನ್ನಾಗಿ ನಿದ್ದೆ ಮಾಡಿದ್ದೆ.

ವಿದ್ಯಾ ಪಕ್ಕದಲ್ಲಿ ಕುಳಿತು, ನಾನು ಬರೆದದ್ದನ್ನು ಮೊದಲಿನಿಂದ ಓದತೊಡಗಿದಳು. ನಡುನಡುವೆ ನನ್ನ ಟವೆಲಿನಲ್ಲಿ ಕಣ್ಣೊರೆಸಿಕೊಂಡಳು. ಒಂದು ಕಡೆ ಥಟ್ಟನೆ ನಿಂತಳು.

"ಅಪ್ಪಾ! ಜೇಡಕ್ಕ ಆರು ಕಾಲು ಅಂತ ಬರದೀಯಲ್ಲ!"

"ಮತ್ತ ಎಷ್ಟು?"

"ಎಂಟು!"

ಜೇಡದ ಪಂಡಿತೆಯ ಜೊತೆ ಇಡೀ ಸಂಸಾರ ಮಾಡಿದ ಮಹಾನುಭಾವ ನಾನು! ಅವಳಾಗಿದ್ದರೆ ಆ ಸಾಲಿಗೆ ಬರುತ್ತಲೇ ಕೆಂಪು ಪೆನ್ನು ಹಿಡಿದು "ಏನ್ರಿ ಇದು?" ಎನ್ನುತ್ತಿದ್ದಳು.

ಈಗ ನಾನು ಎಷ್ಟು ಕಾಲು ಬರೆದರೂ ಹಾಗೆ ಕೇಳಲು ಅವಳಿಲ್ಲ.