ಮುಳುಗದಷ್ಟು ದೊಡ್ಡ ಊರು

ಸಣ್ಣ ಊರುಗಳಿಗೆ ಪೆಟ್ಟು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ ಎಂಬುದು ಈಗ ಸುತ್ತೋಲೆಯ ಮೂಲಕ ಸಾಬೀತಾಗಿದೆ. ಊರು ದೊಡ್ಡದಾದಷ್ಟೂ ತಾಳಿಕೆ ಹೆಚ್ಚು. ಆದ್ದರಿಂದ ನೆರೆ ಬಂದು ಹೋದ ಮೇಲೆ ಎದ್ದು ನಿಲ್ಲಲು ಬೇಕಾದ ಅನುದಾನವನ್ನು ದೊಡ್ಡ ಊರುಗಳಿಗಷ್ಟೇ ನೀಡತಕ್ಕದ್ದು, ಸಣ್ಣ ಊರುಗಳು ಮೊದಲು ದೊಡ್ಡದಾಗತಕ್ಕದ್ದು ಎಂದು ಸದರಿ ಸುತ್ತೋಲೆ ಸ್ಪಷ್ಟಪಡಿಸಿದೆ.

ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ, ಕಾವೇರಿಯ ದಡದಲ್ಲಿರುವ ಹೊಳೆಸಾಲು ಪುರಸಭೆ ತೀರಾ ಸಣ್ಣದು. ಆದರೂ ಅದು ಯಾರ ಅನುಮತಿಯನ್ನೂ ಪಡೆಯದೆ ಇಷ್ಟು ವರ್ಷ ತಾಳಿಕೊಂಡು ಬಂದಿತ್ತು. ಮೇಲಿನ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗಲೆಲ್ಲ ಅಲ್ಲಿನ ಹೊಳೆಬೀದಿ ಮುಳುಗುತ್ತಿತ್ತು. ಬೀದಿಯವರು ದನಕರು ಹೊಡೆದುಕೊಂಡು ದಿಬ್ಬದ ಮೇಲಿನ ಹೊನ್ನಪ್ಪನ ಆಲೆಮನೆಗೆ ಹೋಗುತ್ತಿದ್ದರು. ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಅಂದು ಬೀದಿಗೆಲ್ಲ ಹುರುಳಿಸಾರು ಕುದಿಯುತ್ತಿತ್ತು. ದನಗಳು ಕಬ್ಬಿನ ಸೋಗೆ ಮೆಲ್ಲುತ್ತ ನಿಲ್ಲುತ್ತಿದ್ದವು. ನೀರಿಳಿದ ಮೇಲೆ ಜನ ಕೆಸರು ಬಳಿದು, ಮನೆ ತೊಳೆದು, ಡೇರಿಗೆ ಹಾಲು ಹಾಕಲು ಹೊರಡುತ್ತಿದ್ದರು. ಇದೆಲ್ಲವನ್ನೂ ಪರಿಶೀಲಿಸಿದ ಮುಖ್ಯಾಧಿಕಾರಿ ನಾಗೇಂದ್ರ ಅವರು, "ಇದು ತಾಳಿಕೆಯಲ್ಲ, ಬರೀ ಅಭ್ಯಾಸ" ಎಂದು ವರದಿ ಸಲ್ಲಿಸಿದರು.

ಊರನ್ನು ದೊಡ್ಡದು ಮಾಡುವ ಕೆಲಸ ಆರಂಭವಾಯಿತು. ಮೊದಲು ಅಕ್ಕಪಕ್ಕದ ಹಳ್ಳಿಗಳನ್ನು ಸೇರಿಸಿದರು. ಸಾಲಲಿಲ್ಲ. ಆಮೇಲೆ ನಾಲೆ, ಗದ್ದೆಬಯಲು, ಎರಡು ಗುಡ್ಡ ಸೇರಿದವು. ಗುಡ್ಡದಲ್ಲಿ ಜನರಿಲ್ಲದಿದ್ದರೂ ಅದು ಎಂದೂ ಮುಳುಗುವುದಿಲ್ಲವಾದ್ದರಿಂದ ಉತ್ತಮ ನಾಗರಿಕನ ಲಕ್ಷಣ ಅದರಲ್ಲಿದೆ ಎಂದು ಸಭೆ ತೀರ್ಮಾನಿಸಿತು. ಕೊನೆಗೆ ಗಡಿ ಶೀಳನೆರೆಯನ್ನು ಮುಟ್ಟಿತು. ಅದು ಕೆ.ಆರ್. ಪೇಟೆ ತಾಲೂಕಲ್ಲವೇ ಎಂದು ಸದಸ್ಯರೊಬ್ಬರು ಆಕ್ಷೇಪಿಸಿದಾಗ, ಹೊಳೆಗೆ ತಾಲೂಕು ಗೊತ್ತೇ ಎಂದು ನಾಗೇಂದ್ರ ಕೇಳಿದರು. ಗೊತ್ತಿಲ್ಲವೆಂದು ಸದಸ್ಯರು ಒಪ್ಪಿಕೊಂಡರು. ಹೊಸ ನಕ್ಷೆಗೆ ಗಂಜಾಂನಲ್ಲಿ ನಿಮಿಷಾಂಬೆಯ ಮುಂದೆ ಪೂಜೆ ಮಾಡಿಸಲಾಯಿತು. ಅನುದಾನ ಬಂತು.

ನಗರ ಎಂದ ಮೇಲೆ ಅದರ ಹೊಟ್ಟೆಯೊಳಗೆ ಹೊಗೆಯಾಡುವ ಆಲೆಮನೆ ಇರಕೂಡದು. ಹೊನ್ನಪ್ಪನದನ್ನು ತೆರವುಗೊಳಿಸಿ, ದಿಬ್ಬದ ಸುತ್ತ ಕಾಂಪೌಂಡು ಎಬ್ಬಿಸಿ, ಒಳಗೆ ತಾಳಿಕೆ ಭವನ ಕಟ್ಟಿದರು. ಹೊನ್ನಪ್ಪನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗೇಟಿನಿಂದ ಹೊರಗೆ ಕಳಿಸಲಾಯಿತು.

ಹೊಳೆಬೀದಿಯ ಕೊನೆಯ ಮನೆ ಪುಟ್ಟತಾಯಮ್ಮನದು. ಅವಳ ಸಂಸಾರ ನಡೆಯುತ್ತಿದ್ದದ್ದೇ ಎರಡು ಹಸುಗಳ ಹಾಲಿನಿಂದ. ಮಳೆಗಾಲದಲ್ಲಿ ಅವಳು ಕಚೇರಿಗೆ ಬಂದಳು.

"ಕಟ್ಟೆ ತುಂಬ್ತಾ ಅದೆ ಸ್ವಾಮಿ. ನೀರ್ ಬುಟ್ರೆ ದನ ಎಲ್ಲಿ ಕಟ್ಟಾಣ?"

"ದೊಡ್ಡ ನಗರದಲ್ಲಿ ದನ ಕಟ್ಟೋದಿಲ್ಲಮ್ಮ" ಎಂದರು ನಾಗೇಂದ್ರ.

"ಮತ್ತೆ ಹಾಲ್ಗೇನ್ ಮಾಡ್ತಾರೆ?"

"ಪ್ಯಾಕೆಟ್ ತಗೋತಾರೆ."

"ಆ ಪ್ಯಾಕೆಟ್ಗೆ ಹಾಲ್ ಹಾಕೋರು ನಾವೇ ಕಣ್ ಸ್ವಾಮಿ."

"ಅದು ಒಕ್ಕೂಟದ ವಿಷಯ. ಪುರಸಭೆಗೆ ಸಂಬಂಧಪಟ್ಟಿದ್ದಲ್ಲ."

"ದಿಬ್ಬದ್ ಮ್ಯಾಲೆ ಕಟ್ಕೊಳ್ಳಾ?"

"ಅಲ್ಲಿ ಟೈಲ್ಸ್ ಹಾಕಿದೆ, ಗೊರಸು ತಾಗಬಾರದು. ನಿಮಗೇ ಅಂತ ಪರಿಹಾರ ಕೇಂದ್ರ ಮಾಡಿದೀವಿ. ನಿಯಮದ ಪ್ರಕಾರ ನಗರದ ನಟ್ಟನಡುವೆ."

ನಗರದ ನಟ್ಟನಡು ಈಗ ಗುಡ್ಡಗಳಾಚೆ, ಎರಡು ಬಸ್ಸು ಬದಲಿಸುವಷ್ಟು ದೂರದಲ್ಲಿತ್ತು. ಪುಟ್ಟತಾಯಮ್ಮ ಕೈಮುಗಿದು ಮನೆಗೆ ಹೋದಳು.

ನೀರು ಬಂತು. ಅದರ ಹಿಂದೆಯೇ ಆಟೋದಲ್ಲಿ ಪ್ರಕಟಣೆಯೂ ಬಂತು: "ಹೊಳೆಬೀದಿಯ ನಾಗರಿಕರು ಗಾಬರಿಗೊಳ್ಳದೆ ನಗರದ ಮಧ್ಯಭಾಗಕ್ಕೆ ತೆರಳತಕ್ಕದ್ದು. ಬಸ್ಸಿನಲ್ಲಿ ಜಾನುವಾರುಗಳಿಗೆ ಪ್ರವೇಶವಿಲ್ಲ." ಪುಟ್ಟತಾಯಮ್ಮ ಬಸ್ಸು ಹತ್ತಲಿಲ್ಲ. ಹಸುಗಳನ್ನು ಹೊಡೆದುಕೊಂಡು ದಿಬ್ಬದ ಕಡೆ ಓಡಿದಳು. ಭವನದ ಗೇಟಿಗೆ ಬೀಗ ಬಿದ್ದಿತ್ತು. ಹೊನ್ನಪ್ಪ ಎಲ್ಲಿಂದಲೋ ಓಡಿಬಂದು ಒಂದು ಹಸುವಿನ ಹಗ್ಗ ಹಿಡಿದುಕೊಂಡ. ಇಬ್ಬರೂ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತರು. ಇಳಿಜಾರಿಗೆ ನೀರು ಏರಿತು. ಪುಟ್ಟತಾಯಮ್ಮ ಹಿಡಿದಿದ್ದ ಹಸು ಕೆಂಪಿಯ ಕಾಲು ಜಾರಿತು.

"ಹಗ್ಗ ಬುಟ್ಬುಡವ್ವ, ನೀನೂ ಒಂಟೋಯ್ತೀಯ" ಎಂದ ಹೊನ್ನಪ್ಪ. ಅವಳು ಬಿಡಲಿಲ್ಲ. ಹಗ್ಗವೇ ಕೈಯ ಚರ್ಮ ಸುಲಿದುಕೊಂಡು ಹೋಯಿತು. ಇದನ್ನು ಬರೆಯುವಾಗ ನನ್ನ ಹೊಟ್ಟೆ ಉರಿಯುತ್ತದೆ, ಆದರೆ ವರದಿಯಲ್ಲಿ ಹೊಟ್ಟೆಗೆ ಕಾಲಂ ಇಲ್ಲ. ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ನೀರಿಳಿದ ಮೇಲೆ ತಾಳಿಕೆ ಭವನದ ಬೀಗ ತೆಗೆದು ಪರಿಶೀಲನಾ ಸಭೆ ನಡೆಸಲಾಯಿತು. ಅನುದಾನ ಕೊಟ್ಟ ಮಂಡಳಿಯಿಂದ ಪ್ರಿಯಂವದಾ ಎಂಬ ಅಧಿಕಾರಿ ಬಂದಿದ್ದರು. ಹಿಂದಿನ ನೆರೆಯಲ್ಲಿ ಊರಿನ ನೂರು ಮನೆಗೆ ಹನ್ನೆರಡು ಮುಳುಗಿದ್ದವು, ಈ ಸಲ ನೂರಕ್ಕೆ ಒಂದು ಮಾತ್ರ ಎಂದು ಅವರು ಪರದೆಯ ಮೇಲೆ ತೋರಿಸಿದರು.

"ಮುಳುಗಿದ್ದು ಅವೇ ಮನೆ ಅಲ್ವಾ ಮೇಡಂ?" ಎಂದು ಹಿಂದಿನ ಸಾಲಿನಿಂದ ಹೊನ್ನಪ್ಪ ಕೇಳಿದ.

"ಮನೆಗಳು ಅವೇ. ನೂರು ಬೇರೆ" ಎಂದು ಪ್ರಿಯಂವದಾ ಸಮಾಧಾನವಾಗಿ ವಿವರಿಸಿದರು.

ಚಪ್ಪಾಳೆ ಬಿತ್ತು. ತಾವು ಸೇರಿದ್ದರಿಂದಲೇ ಕಾವೇರಿ ತಗ್ಗಿದಳು ಎಂದು ತಿಳಿದು ಶೀಳನೆರೆಯಿಂದ ಬಂದಿದ್ದವರು ನಾಚಿಕೊಂಡರು. ಅಂದಹಾಗೆ ನೂರಕ್ಕೆ ಒಂದನ್ನು ನೆರೆ ಎಂದು ಕರೆಯಲು ನಿಯಮದಲ್ಲಿ ಅವಕಾಶವಿಲ್ಲ. ನೆರೆಯೇ ಬಾರದ ನಗರದಲ್ಲಿ ಹಸು ಕೊಚ್ಚಿಹೋಗುವಂತೆಯೂ ಇಲ್ಲ. ಆದ್ದರಿಂದ ಪುಟ್ಟತಾಯಮ್ಮನ ಪರಿಹಾರದ ಅರ್ಜಿಯ ಮೇಲೆ, "ಸದರಿ ಹಸು ಸ್ವಇಚ್ಛೆಯಿಂದ ನಗರ ತೊರೆದಿದೆ" ಎಂದು ಷರಾ ಬರೆದು ಮುಕ್ತಾಯಗೊಳಿಸಲಾಯಿತು.

ಕೊನೆಯಲ್ಲಿ ಫಲಾನುಭವಿಯ ಅಭಿಪ್ರಾಯ ಬೇಕೆಂದು ಅವಳ ಕೈಗೇ ಮೈಕು ಕೊಟ್ಟರು. ಅಂಗೈಗೆ ಬಟ್ಟೆ ಸುತ್ತಿದ್ದರಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪರದೆಯ ಮೇಲಿನ ಒಂದು ಎಂಬ ಅಂಕಿಯನ್ನು ನೋಡಿದಳು.

"ಆ ಒಂದ್ರಲ್ಲೇ ನಮ್ ಕೆಂಪಿ ಕೊಚ್ಕಂಡೋದ್ಲು. ನಂತಾವ ಇನ್ನೊಂದ್ ಹಸ ಅದೆ. ಪಾಂಡವಪುರ, ನಾಗಮಂಗಲ, ಎಲ್ಲಾನೂ ಸೇರ್ಸ್ಕೊಂಡು ಆ ಒಂದ್ನೂ ಇಲ್ದಂಗ್ ಮಾಡ್ಬುಡಿ ಸ್ವಾಮಿ, ನಿಮ್ ಕಾಲಿಗ್ ಬೀಳ್ತೀನಿ."

ನಾಗೇಂದ್ರ ಕನ್ನಡಕ ಸರಿಮಾಡಿಕೊಂಡು ಬರೆದುಕೊಂಡರು. ಸಭೆ ಅವಿರೋಧವಾಗಿ ಒಪ್ಪಿತು. ಸೂಚಿಸಿದವರು ಪುಟ್ಟತಾಯಮ್ಮ, ಅನುಮೋದಿಸಿದವರು ಹೊನ್ನಪ್ಪ ಎಂದು ನಡಾವಳಿಯಲ್ಲಿದೆ.