ಊರಿಗೆಲ್ಲ ಟೊಪ್ಪಿಗೆ ಹಾಕಿದ ನಮ್ಮ ಕಾಕಾ

ನಮ್ಮ ಕಾಕಾ ಟೊಪ್ಪಿಗೆ ಹಾಕದ ಮನೆ ಮಾನ್ವಿಯಲ್ಲಿ ಒಂದಾದರೂ ಇದ್ದರೆ ತೋರಿಸಿ, ನಾನೇ ಹೋಗಿ ಆ ಮನೆಯವರಿಗೆ ಕೈಮುಗಿದು ಬರುತ್ತೇನೆ. ಬೀಗರಿಗೆ ಹಾಕಿದ್ದಾರೆ, ನೆರೆಯವರಿಗೆ ಹಾಕಿದ್ದಾರೆ, ಒಮ್ಮೆ ಚಹಾ ಕುಡಿಯಲು ಜೊತೆಯಲ್ಲಿ ಕೂತ ಪೊಲೀಸಪ್ಪನಿಗೂ ಹಾಕಿದ್ದಾರೆ. ಆ ಪೊಲೀಸಪ್ಪ ಕೇಸು ಬರೆದುಕೊಂಡರೇ? ಎಲ್ಲಿ! ಮರುವಾರ ತಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದು, "ಇವಗೂ ಒಂದು ಹಾಕಿಬಿಡ್ರಿ" ಎಂದರು!

ತಪ್ಪು ತಿಳಿಯಬೇಡಿ. ನಮ್ಮದು ಮರ್ಯಾದಸ್ಥರ ಮನೆತನ. ಕಾಕಾ ಹಾಕುವುದು ನಿಜವಾದ ಟೊಪ್ಪಿಗೆ. ದಾರದ್ದು. ಕ್ರೋಶಾ ಕಡ್ಡಿ ಹಿಡಿದು, ಒಂದೊಂದೇ ಕುಣಿಕೆ ಎಳೆದು, ಕೈಯಾರೆ ಹೆಣೆದದ್ದು.

ಇಷ್ಟು ಕೇಳಿದ ಮೇಲೆ ನೀವು ಯಾರೋ ಸಣಕಲು ಮೈಯ, ಮೆತ್ತನೆ ಮಾತಿನ ಮನುಷ್ಯನನ್ನು ಕಲ್ಪಿಸಿಕೊಂಡಿದ್ದರೆ ಅದನ್ನೂ ಅಳಿಸಿಬಿಡಿ. ಕಾಕಾ ಆರಡಿ ಎತ್ತರ. ಮೀಸೆ ಎರಡೂ ಕಡೆ ಕಿವಿಯ ವಿಳಾಸ ಕೇಳಿಕೊಂಡು ಹೊರಟಂತಿದೆ. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮಿಸ್ತ್ರಿಯಾಗಿ ಯಂತ್ರಗಳ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆಚೆ ಮನೆಯವರು ತಂದುಕೊಡುವಷ್ಟು ದೊಡ್ಡ ಗಂಟಲು. ಅವರ ದಪ್ಪ ಬೆರಳುಗಳ ನಡುವೆ ಆ ಕಡ್ಡಿ ಎಲ್ಲಿದೆ ಎಂದು ಹುಡುಕಬೇಕು. ಹಲ್ಲು ಚುಚ್ಚಿಕೊಳ್ಳುವ ಕಡ್ಡಿ ಹಿಡಿದ ಹಾಗೆ ಕಾಣುತ್ತದೆ.

ರಾಯಚೂರು ಸೀಮೆಯಲ್ಲಿ ದಾರದ ಟೊಪ್ಪಿಗೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಬೇಸಿಗೆಯಲ್ಲಿ ನಮ್ಮಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರಿಗೆ ಚಹಾಪುಡಿ ಹಾಕಿದರೆ ಸಾಕು, ಒಲೆಯ ಹಂಗಿಲ್ಲ. ಅದಕ್ಕೆ ಕಾಕಾ ಕೊಟ್ಟ ಉತ್ತರ: "ಬಿಸಲಾಗೂ ತಲಿ ಮುಚ್ಚಬೇಕು, ಥಂಡ್ಯಾಗೂ ತಲಿ ಮುಚ್ಚಬೇಕು. ತಲಿ ಇದ್ದವರಿಗೆ ಇದು ತಿಳೀತದ." ಇದಾದ ಮೇಲೆ ಆ ಪ್ರಶ್ನೆಯನ್ನು ನಮ್ಮ ಮನೆತನದಲ್ಲಿ ಯಾರೂ ಎತ್ತಲಿಲ್ಲ. ತಲೆ ಇಲ್ಲದವರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಲು ಯಾರಿಗೆ ಇಷ್ಟ?

ಈ ಹುಚ್ಚು ಹಿಡಿದದ್ದು ಗಿರಣಿಯಲ್ಲೇ. ಒಮ್ಮೆ ಭತ್ತದ ಚೀಲಗಳ ರಾಶಿ ಹತ್ತಿ, ಮೇಲೆ ಓಡುವ ಯಂತ್ರದ ಪಟ್ಟಿ ಸರಿಮಾಡಲು ಹೋಗಿ, ಚೀಲದ ಸಮೇತ ಕೆಳಗೆ ಬಂದರು. ಕಾಲು ಮುರಿಯಿತು. ಮೂರು ತಿಂಗಳು ಪ್ಲಾಸ್ಟರು, ಮಂಚ. ಮಂಚದ ಪಕ್ಕದಲ್ಲಿ ಕೂತು ಕಾಕಿ ಬಾಗಿಲಿಗೆ ಗಿಣಿ ಚಿತ್ರದ ದಾರದ ತೋರಣ ಹೆಣೆಯುತ್ತಿದ್ದರು. ಬಿಡುವಾದ ಗಂಡಸನ್ನು ಮಂಚದ ಮೇಲೆ ಮಲಗಿಸಿ ಅವನೆದುರು ಯಾವ ಕೆಲಸವನ್ನೂ ಮಾಡಬಾರದು. ಕಾಕಾ ಶುರುಮಾಡಿದರು: "ಅಲ್ಲಿ ಒಂದು ಕುಣಿಕಿ ಬಿಟ್ಟಿ." "ಗಿಣಿ ಮೂಗು ಸೊಟ್ಟ ಆತು." "ಗಿಣಿ ಅಲ್ಲದು, ಕೋಳಿ ಆತು!"

ನಾಲ್ಕನೆಯ ದಿನ ಕಾಕಿ ಕಡ್ಡಿ, ದಾರ, ಕೋಳಿಯಾಗಿದ್ದ ಗಿಣಿ, ಎಲ್ಲವನ್ನೂ ಒಟ್ಟಿಗೆ ಅವರ ಎದೆಯ ಮೇಲೆ ಎಸೆದರು. "ಅಷ್ಟು ಶಾಣ್ಯಾ ಇದ್ರ ನೀವ ಹಾಕ್ರಿ!"

ಕಾಕಾ ಹಾಕಿದರು. ಸಾವಿರಾರು ಚೀಲಗಳ ಬಾಯಿಗೆ ದಬ್ಬಣದಿಂದ ಸುತಲಿ ಹೊಲಿದ ಕೈ ಅದು. ದಾರ ಎಷ್ಟು ಬಿಗಿಯಿರಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಆ ಬೆರಳುಗಳಿಗೆ ಮೊದಲೇ ಗೊತ್ತಿತ್ತು. ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಮನೆಯಲ್ಲಿ ಬಾಗಿಲಿಗೆ ತೋರಣ, ಟಿವಿಗೆ ಹೊದಿಕೆ, ನೀರಿನ ಕೊಡಕ್ಕೆ ಮುಚ್ಚಳದ ಬಟ್ಟೆ, ಎಮ್ಮೆಯ ಕೊರಳಿಗೆ ಹಾರ! ಎಮ್ಮೆ ಅದನ್ನು ತಿಂದಿತು. "ರುಚಿ ಹತ್ತ್ಯಾದ" ಎಂದು ಕಾಕಾ ಅದನ್ನೂ ಹೊಗಳಿಕೆಯ ಖಾತೆಗೇ ಹಾಕಿಕೊಂಡರು.

ಗಿರಣಿಯ ಹಮಾಲರು ನಕ್ಕರು. ಹೋಟೆಲಿನ ಕಟ್ಟೆಯಲ್ಲಿ ಯಾರೋ, "ಮಿಸ್ತ್ರಿ, ಹೆಂಗಸರ ಕೆಲಸ ಹಿಡಿದ್ಯಲ್ಲೋ" ಎಂದನಂತೆ. ಕಾಕಾ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಹೌದು. ಗಂಡಸರ ಕೆಲಸ ಮೂವತ್ತು ವರ್ಷ ಮಾಡೀನಿ, ಕಾಲು ಮುರೀತು. ಇದರಾಗ ಇನ್ನೂ ಏನೂ ಮುರಿದಿಲ್ಲ." ಮರುದಿನ ಅದೇ ಕಟ್ಟೆಯಲ್ಲಿ, ಅದೇ ಜಾಗದಲ್ಲಿ, ಇನ್ನಷ್ಟು ಕಣ್ಣು ಕುಕ್ಕುವ ಗುಲಾಬಿ ಬಣ್ಣದ ದಾರ ಹಿಡಿದು ಕೂತರು. ಬೇಕಂತಲೇ!

ನನ್ನನ್ನು ನೋಡಲು ದೇವದುರ್ಗದಿಂದ ಗಂಡಿನವರು ಬಂದ ದಿನವೂ ಹಾಗೇ. ನಮ್ಮಪ್ಪ ಬೆಳಗಿನಿಂದ ಬೇಡಿಕೊಂಡಿದ್ದರು, "ಒಂದು ತಾಸು ಅದನ್ನ ಒಳಗಿಡೋ ತಮ್ಮಾ, ಹುಡುಗಿ ಬಾಳ್ವಿ ಪ್ರಶ್ನಿ ಅದ." ಕಾಕಾ ಕೇಳಿದರು: "ನಾ ಏನ್ ಇಸ್ಪೀಟು ಆಡಾಕತ್ತೀನೇನು?" ಗಂಡಿನ ತಂದೆ ಬಂದು ಕೂತರು. ಪಕ್ಕದಲ್ಲೇ ಕಾಕಾ, ತೊಡೆಯ ಮೇಲೆ ದಾರದ ಉಂಡೆ. ಒಳಗೆ ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು ಬಾಗಿಲ ಸಂದಿಯಿಂದ ಇಣುಕಿದೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಗಂಡಿನ ತಂದೆ ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಇದರಾಗ ಟ್ಯಾಕ್ಟರ್ ಸ್ಟೇರಿಂಗಿಗೆ ಕವರ್ ಆಗ್ತದೇನ್ರೀ?"

"ಗೊಂಡೆ ಹಚ್ಚಿ ಕೊಡ್ತೀನ್ರೀ" ಎಂದರು ಕಾಕಾ.

ಸಂಬಂಧ ಕುದುರಿತು. ನನ್ನ ಗಂಡ ಇಂದಿಗೂ ಹೇಳುವುದುಂಟು, "ನಮ್ಮಪ್ಪ ಒಪ್ಪಿದ್ದು ನಿನ್ನನ್ನ ಅಲ್ಲ, ಸ್ಟೇರಿಂಗ್ ಕವರನ್ನ."

ಇಷ್ಟರ ಮಟ್ಟಿಗೆ ಎಲ್ಲವೂ ನಗುವ ಮಾತು. ನಗು ನಿಂತದ್ದು ಹೋದ ವರ್ಷ, ನಾನೇ ಮಾಡಿದ ಒಂದು ಉಪಕಾರದಿಂದ.

ಮದುವೆಯಾದ ಮೇಲೆ ನಾನು ರಾಯಚೂರಿನಲ್ಲಿ ಹೈಸ್ಕೂಲು ಟೀಚರು. ಮಾನ್ವಿಯ ಕೆಲವು ವ್ಯಾಪಾರಸ್ಥರು ಸೇರಿ ಒಂದು ಸೇವಾ ಸಮಿತಿ ಮಾಡಿಕೊಂಡಿದ್ದರು. ಕವಿತಾಳದ ಕಡೆಯ ಒಂದು ಹಾಸ್ಟೆಲಿನ ಅರವತ್ತು ಹುಡುಗಿಯರಿಗೆ ಚಳಿಗಾಲಕ್ಕೆ ಏನಾದರೂ ಕೊಡಬೇಕೆಂದು ಅವರು ಹೊರಟಾಗ, ನಾನೇ ಮುಂದಾಗಿ ಹೇಳಿದೆ: ನಮ್ಮ ಕಾಕಾ ಉಲನ್ ಟೊಪ್ಪಿಗೆ ಹೆಣೆದು ಕೊಡುತ್ತಾರೆ. ಕಾಕಾ ಖುಷಿಯಾದರು. ಆದರೆ ಒಂದೇ ಒಂದು ಮಾತು ಕೇಳಿದರು.

"ನಾಪು ಬೇಕಲ್ಲವ್ವ. ಒಮ್ಮಿ ಹೋಗಿ ಎಲ್ಲರ ತಲಿ ಅಳತಿ ತಗೊಂಡು ಬರೋಣ."

"ಅರವತ್ತು ತಲಿ ಎಲ್ಲಿ ಅಳಕೋತ ಕೂಡ್ತೀರಿ ಕಾಕಾ? ಎಲ್ಲಾ ಹತ್ತು-ಹನ್ನೆರಡು ವರ್ಷದವರು. ಒಂದ ಸೈಜು ಸಾಕು."

"ಒಂದ ಸೈಜಿನ ತಲಿ ದೇವರು ಯಾರಿಗೂ ಮಾಡಿಲ್ಲಬೇ."

"ಪುಕ್ಕಟೆ ಕೊಡೋದಕ್ಕ ಅಷ್ಟೆಲ್ಲ ಯಾರು ನೋಡ್ತಾರ!"

ಹೌದು, ಹೀಗೆ ಹೇಳಿದವಳು ನಾನೇ. ಸಮಿತಿಯವರೂ ಅದನ್ನೇ ಹೇಳಿದರು. ಜೀವನದಲ್ಲಿ ಅದೊಂದೇ ಸಲ ಕಾಕಾ ಬೇರೆಯವರ ಮಾತು ಕೇಳಿದ್ದು.

ಕಾರ್ಯಕ್ರಮ ಜೋರಾಗಿತ್ತು. ಬ್ಯಾನರು, ಹಾರ, ಮೈಕು. ಮೈಕಿನ ಮುಂದೆ ರೇಷ್ಮೆ ಸೀರೆಯುಟ್ಟು ನಿರೂಪಣೆಗೆ ನಾನು. ಹುಡುಗಿಯರನ್ನು ಟೆಂಪೋದಲ್ಲಿ ಕರೆತಂದು ಸಾಲಾಗಿ ನಿಲ್ಲಿಸಿದ್ದರು. ಮುಖ್ಯ ಅತಿಥಿಗಳು ಒಬ್ಬೊಬ್ಬರ ತಲೆಗೆ ಟೊಪ್ಪಿಗೆ ತೊಡಿಸಬೇಕು, ಫೋಟೋ ತೆಗೆಯಬೇಕು. ಮೊದಲನೆಯ ಹುಡುಗಿಗೆ ದಪ್ಪ ಜಡೆ ಎರಡು. ಟೊಪ್ಪಿಗೆ ಅವಳ ನೆತ್ತಿಯ ಮೇಲೆ ಕುಂಬಳಕಾಯಿಗೆ ಬಟ್ಟಲು ಬೋರಲು ಹಾಕಿದಂತೆ ಕೂತಿತು. ಸಭೆ ಮುಸಿಮುಸಿ ನಕ್ಕಿತು. ಎರಡನೆಯದು ಪುಟ್ಟ ಹುಡುಗಿ. ಟೊಪ್ಪಿಗೆ ಸೀದಾ ಮೂಗಿನವರೆಗೆ ಇಳಿಯಿತು. ಸಭೆ ಗೊಳ್ಳೆಂದಿತು. "ಇಕಡಿ ನೋಡವ್ವ, ನಗು" ಎಂದ ಫೋಟೋದವನು. ಕಣ್ಣೇ ಕಾಣದ ಕೂಸು ಯಾವ ಕಡೆ ನೋಡಬೇಕು? ಅದು ಗೋಡೆಯ ಕಡೆ ತಿರುಗಿ ನಗಲು ನೋಡಿತು. ಇನ್ನೂ ದೊಡ್ಡ ನಗು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ, ಅದೂ ಮೈಕಿನಲ್ಲಿ.

ಮೂರನೆಯ ಸಾಲಿನಿಂದ ಕಾಕಾ ಎದ್ದರು. ವೇದಿಕೆ ಹತ್ತಿ ಬಂದು, ಆ ಹುಡುಗಿಯ ಮುಂದೆ ಮೊಣಕಾಲೂರಿ ಟೊಪ್ಪಿಗೆ ತೆಗೆದರು. ಜಡೆಯವಳದೂ ತೆಗೆದರು. ಅತಿಥಿಗಳ ಕೈಯಲ್ಲಿದ್ದದ್ದನ್ನು ಎಳೆದುಕೊಂಡರು. ತಟ್ಟೆಯಲ್ಲಿದ್ದವನ್ನೆಲ್ಲ ಹೆಗಲ ಟವಲಿನಲ್ಲಿ ಗಂಟು ಕಟ್ಟಿ, ಮೈಕು ಬೇಕಿಲ್ಲದ ಆ ಗಂಟಲಿನಲ್ಲಿ ಹೇಳಿದರು: "ಇವು ಕೊಡಂಗಿಲ್ಲ. ಬರೋಬ್ಬರಿ ಆಗಿಲ್ಲ."

ಸಮಿತಿಯ ಅಧ್ಯಕ್ಷರು ಕೆಂಪಾದರು. "ಏನ್ರೀ ಮಿಸ್ತ್ರಿ ಇದು? ದಾನಕ್ಕ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತ ಹಿರ್‍ಯಾರು ಹೇಳ್ಯಾರ!"

"ಎಣಿಸಲಿ ಬಿಡ್ರಿ ಯಪ್ಪಾ. ಎಣಿಸಿದ್ರ ಹಲ್ಲು ಸಿಗಬೇಕು, ಅಂಥಾ ಆಕಳ ಕೊಡಬೇಕು."

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಹಾಳೆಯಲ್ಲಿದ್ದ ಮುಂದಿನ ಸಾಲನ್ನು ಓದಿದೆ: "ಈಗ ಸ್ವಲ್ಪಾಹಾರದ ವ್ಯವಸ್ಥೆ ಇದೆ!"

ಮುಂದಿನದು ಕೇಳಬೇಡಿ. ಬಡ ಮಕ್ಕಳ ತಲೆಯಿಂದ ಟೊಪ್ಪಿಗೆ ಕಿತ್ತುಕೊಳ್ಳುವ ದೈತ್ಯನ ವೀಡಿಯೊ ಸಂಜೆಯೊಳಗೆ ರಾಯಚೂರು ಮುಟ್ಟಿತು. ಅತ್ತೆಯ ಫೋನು ದೇವದುರ್ಗದಿಂದ ಬಂತು. ಶಾಲೆಯಲ್ಲಿ ಹೆಡ್ಮಾಸ್ತರು ನನ್ನನ್ನು ಕಂಡಾಗಲೆಲ್ಲ ತಲೆ ಸವರಿಕೊಳ್ಳತೊಡಗಿದರು. ನಾನು ಮಾನ್ವಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಅರವತ್ತೂ ಟೊಪ್ಪಿಗೆಗಳನ್ನು ಬಿಚ್ಚುತ್ತಿದ್ದರು. ಮೂರು ತಿಂಗಳ ಕೆಲಸ ಸರ್‍ರೆಂದು ಓಡಿ ಕಾಕಿಯ ಕೈಯಲ್ಲಿ ಉಂಡೆಯಾಗುತ್ತಿತ್ತು.

"ಎಲ್ಲಾರ ಮುಂದ ನನ್ನ ಇಜ್ಜತ್ ಹೋತು ಕಾಕಾ. ಮಾಫಿ ಕೇಳ್ರಿ."

"ಕೇಳಬೇಕು" ಎಂದರು ಕಾಕಾ, ತಲೆಯೆತ್ತದೆ. "ನನಗೂ ನಿದ್ದಿ ಬಂದಿಲ್ಲ. ಆದಿತ್ವಾರ ಹೋಗೋಣ. ನೀನೂ ಬಾ."

ನನಗೆ ನಂಬಿಕೆಯೇ ಬರಲಿಲ್ಲ. ಕಾಕಾ ಮಾಫಿ ಕೇಳುವುದೇ! ಕಾಕಿ ಬಾಗಿಲ ಕಡೆ ನೋಡುತ್ತ, "ಇವರು ಹಂಗೆಲ್ಲ ಕೇಳಂಗಿಲ್ಲಬೇ, ಹುಷಾರು" ಎಂದರು. ನಾನು ಗಮನಿಸಲಿಲ್ಲ.

ಭಾನುವಾರ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು ಸಿದ್ಧ. ಅಧ್ಯಕ್ಷರ ಮನೆ ಬಜಾರಿನಲ್ಲಿ. ಕಾಕಾ ಬಜಾರು ದಾಟಿದರು. ಬಸ್ ನಿಲ್ದಾಣಕ್ಕೆ ನಡೆದರು. ಕವಿತಾಳದ ಬಸ್ಸು ಹತ್ತಿದರು.

"ಕಾಕಾ, ಅಧ್ಯಕ್ಷರ ಮನಿ ಈ ಕಡಿ ಅಲ್ಲ!"

"ಅವರಿಗೆ ನಾ ಏನ್ ಮಾಡೀನಿ? ಅವರ ತಲಿ ನೋಡಿ ಯಾರರ ನಕ್ಕಾರೇನು?"

ಹಾಸ್ಟೆಲಿನ ವಾರ್ಡನ್ ನಮ್ಮನ್ನು ಕಂಡು ಗಾಬರಿಯಾದರು. "ಮತ್ತ ಫೋಟೋ ತೆಗೀತೀರೇನ್ರೀ?"

"ಇಲ್ಲವ್ವ. ಮಾತಾಡೋದದ."

ಪಡಸಾಲೆಯಲ್ಲಿ ಅರವತ್ತು ಹುಡುಗಿಯರು ಕೂತರು. ಆರಡಿಯ ಕಾಕಾ ಎದುರು ನಿಂತು ಕೈಮುಗಿದರು. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ ಏನೋ! "ಯವ್ವಾ, ನಿಮ್ಮ ತಲಿ ನೋಡದನ ಟೊಪ್ಪಿಗಿ ಮಾಡಿದ್ದೆ. ಮಂದಿ ನಕ್ಕರು. ನೀವು ನಾಚಿಕಿ ಪಡೋದೇನಿಲ್ಲ, ತಪ್ಪು ನಂದು. ಮಾಫ್ ಮಾಡ್ರಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳಿಗೆ ಹಿರಿಯರು ಮಾಫಿ ಕೇಳಿದಾಗ ಏನು ಹೇಳಬೇಕೆಂದು ನಾವು ಯಾವ ಪಾಠದಲ್ಲಿ ಕಲಿಸಿದ್ದೇವೆ? ಕೊನೆಗೆ ಹಿಂದಿನಿಂದ ಒಂದು ದನಿ ಬಂತು: "ಅಜ್ಜಾ, ನನಗ ಕೆಂಪಂದು ಬೇಕು."

ಅಷ್ಟೇ ಸಾಕಾಯಿತು. ಕಾಕಾ ಜೇಬಿನಿಂದ ಟೇಪು ತೆಗೆದರು. ನನ್ನ ಕೈಗೆ ನೋಟ್‌ಬುಕ್ಕು ಬಂತು. ಒಬ್ಬಳಿಗೆ ಎರಡೂ ಜಡೆ ಹೊರಗೆ ಬರಲು ತೂತು ಬೇಕು. ಒಬ್ಬಳಿಗೆ ಬೆಕ್ಕಿನ ಕಿವಿ ಬೇಕು. ಒಬ್ಬಳಿಗೆ ಟೊಪ್ಪಿಗೆಯೇ ಬೇಡ, ಚೀಲ ಬೇಕು. "ಬರಕೋ ಬೇ, ಚೀಲ" ಎಂದರು ಕಾಕಾ. ಟೇಪನ್ನು ಹಣೆಯಿಂದ ಕಿವಿಯ ಹಿಂದಕ್ಕೆ ಸುತ್ತಿ, ಅದು ಜಾರದಂತೆ ಎಡ ಅಂಗೈಯನ್ನು ನೆತ್ತಿಯ ಮೇಲಿಟ್ಟು, ಬಗ್ಗಿ ಅಂಕಿ ಓದುತ್ತಿದ್ದರು. ಮೂಗಿನವರೆಗೆ ಟೊಪ್ಪಿಗೆ ಇಳಿದಿದ್ದ ಆ ಪುಟ್ಟ ಹುಡುಗಿಯೂ ಬಂದಳು. ಅಂಗೈ ನೆತ್ತಿಗೆ ತಾಕಿದ್ದೇ ಕಣ್ಣು ಮುಚ್ಚಿದಳು. ಅಳತೆ ಮುಗಿದ ಮೇಲೂ ಒಂದು ಗಳಿಗೆ ಹಾಗೇ ನಿಂತಿದ್ದಳು.

ಇಪ್ಪತ್ತು ಹುಡುಗಿಯರಾದ ಮೇಲೆ ಅವಳು ಮತ್ತೆ ಬಂದಳು. ಜಡೆ ಬಿಚ್ಚಿದ್ದಳು. ಬೇರೆ ಹೆಸರು ಹೇಳಿದಳು. ಹದಿನೆಂಟು ವರ್ಷ ಹಾಜರಿ ಕೂಗಿದ ಟೀಚರ್ ನಾನು. ನನಗೆ ಇದು ಗೊತ್ತಾಗದೇ? "ಏ ಹುಡುಗೀ" ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಕಾಲು ತುಳಿದರು. ಅಂಗೈ ನೆತ್ತಿಗೆ ಹೋಯಿತು. ಅವಳ ಕಣ್ಣು ಮುಚ್ಚಿದವು. ಕಟ್ಟಕಡೆಗೆ ಗೆಳತಿಯ ದುಪ್ಪಟ್ಟಾ ಹೊದ್ದು ಮೂರನೆಯ ಸಲ ಬಂದಳು, ಮೂರನೆಯ ಹೆಸರಿನೊಂದಿಗೆ. ಕಾಕಾ ಅಷ್ಟೇ ಗಂಭೀರವಾಗಿ ದುಪ್ಪಟ್ಟಾ ಸರಿಸಿ, ಟೇಪು ಸುತ್ತಿ, ಈ ಸಲ ಅಂಕಿ ಓದಲು ಬಹಳ ಹೊತ್ತು ತೆಗೆದುಕೊಂಡರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ವಾರ್ಡನ್ ನನ್ನ ಕಿವಿಯಲ್ಲಿ ಹೇಳಿದರು: "ಆಕಿ ಅವ್ವ-ಅಪ್ಪ ದುಡಿಯಾಕ ದೂರ ಹೋಗ್ಯಾರ್‍ರೀ. ಆಕೀನ್ನ ನೋಡಾಕ ಬಂದು ಹೋಗಿ ವರ್ಷದ ಮ್ಯಾಲಾತು."

ಮಾನ್ವಿಗೆ ಮರಳುವ ಬಸ್ಸಿನಲ್ಲಿ ಕಾಕಾ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ನಾನೇ ಮಾತು ತೆಗೆದೆ.

"ಕಾಕಾ, ಆ ಸಣ್ಣ ಹುಡುಗಿ ಮೂರು ಸಲ ಬಂತು."

"ಹೌದೇನು?" ಕಾಕಾ ಕಿಟಕಿಯಾಚೆ ನೋಡುತ್ತಿದ್ದರು. ಮೀಸೆಯ ತುದಿ ಅಲುಗುತ್ತಿತ್ತು. "ಹಂಗಾರ ಏನೋ ಗಡಬಡಿ ಆಗ್ಯಾದ ನೋಡವ್ವ. ಮೂರೂ ಸಲ ನಾಪು ಬ್ಯಾರೆ ಬ್ಯಾರೆ ಬಂದದ. ಖರೆ ಯಾವುದು ಅಂತ ನೋಡಾಕ ಮುಂದಿನ ಆದಿತ್ವಾರ ಮತ್ತ ಹೋಗಬೇಕು."

ನಾನು ನೋಟ್‌ಬುಕ್ಕು ತೆರೆದೆ. ಮೂರು ಹೆಸರು. ಮೂರರ ಮುಂದೂ ನನ್ನದೇ ಅಕ್ಷರದಲ್ಲಿ ಹತ್ತೊಂಬತ್ತೂವರೆ ಇಂಚು.

"ಹೌದು ಕಾಕಾ" ಎಂದೆ, ಪುಸ್ತಕ ಮುಚ್ಚಿ. "ಬ್ಯಾರೆ ಬ್ಯಾರೆನ ಅವ. ಹೋಗಬೇಕು."